ಏಳು ಸುತ್ತಿನ ಕೋಟೆಗೂ ಒಂದು ಕಿಂಡಿ

ಭಾಷೆ, ಸಾಹಿತ್ಯ, ಗಡಿ, ನದಿನೀರು, ಹೊರನಾಡಿನ ಕನ್ನಡ ಶಾಲೆಗಳ ಅಳಿವು ಉಳಿವು ಇಂಥ ವಿಷಯಗಳನ್ನೇ ಕುರಿತು ಈ ಪುಟದಲ್ಲಿ ಬರೆಯುತ್ತ ಬಂದಿರುವ ನಾನು, ಈ ಸಲ ಗಣಕಜಾಲದ ಭದ್ರತೆಯನ್ನು ಕುರಿತು ಬರೆಯಹೊರಟಿರುವುದು ಕೆಲವು ಓದುಗರಿಗೆ ಅಚ್ಚರಿಯೆನಿಸಬಹುದು. ಅದು ಎಂಜಿನಿಯರರ ಕೆಲಸ, ಸಂಘವೊಂದರ ತ್ರೈಮಾಸಿಕಕ್ಕೂ ಅದಕ್ಕೂ ಏನು ಸಂಬಂಧ ಎಂದು ಕೇಳುವವರೂ ಇದ್ದಾರು. ಆದರೆ ಹೊರನಾಡ ಕನ್ನಡಿಗನ ಬದುಕು ಇಂದು ಯಾವ ದಾರಿಯ ಮೇಲೆ ಸಾಗುತ್ತಿದೆ ಎಂಬುದನ್ನು ಒಮ್ಮೆ ಯೋಚಿಸಿ ನೋಡಬೇಕು. ಒಂದು ಕಾಲಕ್ಕೆ ಮುಂಬಯಿಯಿಂದ ಊರಿಗೆ ಮನಿಆರ್ಡರು ಹೋಗುತ್ತಿತ್ತು, ಊರಿನಿಂದ ಇನ್‌ಲ್ಯಾಂಡ್ ಪತ್ರ ಬರುತ್ತಿತ್ತು. ಇಂದು ತಾಯಿಯ ಔಷಧಿಯ ಹಣ, ತೋಟದ ಆಳುಗಳ ಕೂಲಿ, ತಂಗಿಯ ಮಗಳ ಕಾಲೇಜು ಶುಲ್ಕ, ಸಂಘದ ವಂತಿಗೆ, ಕಡೆಗೆ ಮೊಮ್ಮಗುವಿನ ಮುಖದರ್ಶನ ಕೂಡ ಆ ಒಂದೇ ಜಾಲದ ಮೇಲೆ ಓಡಾಡುತ್ತಿವೆ. ಊರು ಬಿಟ್ಟು ಬಂದವರಿಗೆ ಅದು ಕರುಳಬಳ್ಳಿಯೇ ಆಗಿದೆ. ಆ ಬಳ್ಳಿಯೊಳಗೆ ಯಾರು ಕೈಯಿಕ್ಕಬಲ್ಲರು, ಅದನ್ನು ಕಾಯುವ ಹೊಣೆ ಯಾರದು ಎಂಬ ಪ್ರಶ್ನೆ ನಮ್ಮ ಸಾಮಾಜಿಕ ಪ್ರಶ್ನೆಯೂ ಹೌದು.

ಜಾಲದ ಮೇಲಿನ ದಾಳಿಗಳೆಂದರೆ ಅಮೆರಿಕ, ರಷ್ಯಾಗಳ ಸುದ್ದಿಯೆಂದು ಭಾವಿಸುವ ಕಾಲ ಹೋಯಿತು. ನಮ್ಮ ಜನ ನೆಲೆಸಿರುವ ಪುಣೆ, ಮುಂಬಯಿ, ದಿಲ್ಲಿ ಈ ಮೂರು ನಗರಗಳಲ್ಲೇ ನಡೆದ ಮೂರು ಘಟನೆಗಳನ್ನು ಇಲ್ಲಿ ನೆನೆಯುವುದು ಉಚಿತವೆನಿಸುತ್ತದೆ.

ಮೊದಲನೆಯದು ಪುಣೆಯದು. 1906ರಲ್ಲಿ ಸ್ಥಾಪನೆಯಾದ ಕಾಸ್ಮಾಸ್ ಸಹಕಾರಿ ಬ್ಯಾಂಕು ದೇಶದ ಹಳೆಯ ಸಹಕಾರಿ ಬ್ಯಾಂಕುಗಳಲ್ಲೊಂದು. 2018ರ ಆಗಸ್ಟ್ 11, ಶನಿವಾರ. ಅಂದು ಮಧ್ಯಾಹ್ನದಿಂದ ರಾತ್ರಿಯೊಳಗಿನ ಕೆಲವೇ ತಾಸುಗಳಲ್ಲಿ 28 ದೇಶಗಳ ಎಟಿಎಂಗಳಿಂದ ಸಾವಿರಾರು ಸಲ ಹಣ ಹೊರಬಂತು. ಭಾರತದೊಳಗೂ ಸುಮಾರು 2.5 ಕೋಟಿ ರೂಪಾಯಿಗಳನ್ನು ಹೀಗೆಯೇ ತೆಗೆಯಲಾಯಿತು. ಕೊಲ್ಲಾಪುರದಂಥ ಊರಿನ ಎಟಿಎಂಗಳೂ ಇದಕ್ಕೆ ಹೊರತಾಗಲಿಲ್ಲ. ಎರಡು ದಿನ ಬಿಟ್ಟು, ಆಗಸ್ಟ್ 13ರಂದು, ಬ್ಯಾಂಕುಗಳ ನಡುವಿನ ಅಂತರರಾಷ್ಟ್ರೀಯ ಸಂದೇಶ ವ್ಯವಸ್ಥೆಯಾದ ಸ್ವಿಫ್ಟ್ ಮೂಲಕ ಇನ್ನೂ 13.92 ಕೋಟಿ ರೂಪಾಯಿ ಹಾಂಕಾಂಗಿನ ಖಾತೆಯೊಂದಕ್ಕೆ ಹೋಯಿತು. ಒಟ್ಟು ನಷ್ಟ 94 ಕೋಟಿ ರೂಪಾಯಿಗಳಿಗೂ ಹೆಚ್ಚು. ಇಲ್ಲಿ ಯಾವ ತಿಜೋರಿಯೂ ಒಡೆಯಲಿಲ್ಲ. ಎಟಿಎಂ ಯಂತ್ರವು ಹಣ ಕೊಡುವ ಮುನ್ನ 'ಈ ಕಾರ್ಡಿಗೆ ಕೊಡಬಹುದೇ?' ಎಂದು ಬ್ಯಾಂಕಿನ ಮೂಲ ಗಣಕವನ್ನು ಕೇಳುತ್ತದೆ. ಕಳ್ಳರು ಕುತಂತ್ರಾಂಶವೊಂದನ್ನು ಜಾಲದೊಳಗೆ ನುಗ್ಗಿಸಿ, ಈ ಪ್ರಶ್ನೆ ಮೂಲ ಗಣಕವನ್ನು ತಲಪುವ ಮೊದಲೇ ನಡುದಾರಿಯಲ್ಲಿ ತಡೆದು, 'ಕೊಡಬಹುದು' ಎಂದು ತಾವೇ ಉತ್ತರಿಸುವ ನಕಲಿ ವ್ಯವಸ್ಥೆಯನ್ನು ಕೂರಿಸಿದ್ದರು. ಅಂಗಡಿಯ ಯಜಮಾನ ಒಳಕೋಣೆಯಲ್ಲಿ ಕುಳಿತಿರುವಾಗ, ಅವನ ದನಿಯನ್ನೇ ಅನುಕರಿಸುವ ಒಬ್ಬ ಬಾಗಿಲ ಬಳಿ ನಿಂತು 'ಹೂಂ, ಕೊಟ್ಟುಬಿಡು' ಎಂದು ಗಲ್ಲೆಯವನಿಗೆ ಹೇಳಿದಂತೆ.

ಎರಡನೆಯದು ಮುಂಬಯಿಯದು. 2017ರ ಜೂನ್ 27ರಂದು ಉಕ್ರೇನಿನಲ್ಲಿ ಕಾಣಿಸಿಕೊಂಡ 'ನಾಟ್‌ಪೆಟ್ಯಾ' ಎಂಬ ಕುತಂತ್ರಾಂಶ ಕೆಲವೇ ತಾಸುಗಳಲ್ಲಿ ಹಡಗು ಸಾಗಣೆಯ ದೈತ್ಯ ಸಂಸ್ಥೆ ಮೇರ್ಸ್ಕ್‌ನ ಜಾಲವನ್ನು ಹೊಕ್ಕಿತು. ಅದೇ ಸಮೂಹಕ್ಕೆ ಸೇರಿದ, ನಮ್ಮ ನ್ಹಾವಾ ಶೇವಾದ ಜವಾಹರಲಾಲ್ ನೆಹರೂ ಬಂದರಿನ ಒಂದು ಟರ್ಮಿನಲ್ಲಿನ ಗಣಕಗಳೂ ನಿಂತುಹೋದವು. ಕಂಟೇನರುಗಳ ವ್ಯವಹಾರ ಕೈಬರಹದ ದಾಖಲೆಗೆ ಇಳಿಯಿತು. ಮೇರ್ಸ್ಕ್ ಸಂಸ್ಥೆ ಸುಮಾರು 4,000 ಸರ್ವರುಗಳನ್ನೂ 45,000 ಗಣಕಗಳನ್ನೂ ಹೊಸದಾಗಿ ಸಜ್ಜುಗೊಳಿಸಬೇಕಾಯಿತು. 25ರಿಂದ 30 ಕೋಟಿ ಡಾಲರುಗಳಷ್ಟು ನಷ್ಟವನ್ನು ಅದು ಅಂದಾಜು ಮಾಡಿತು. ಈ ಕುತಂತ್ರಾಂಶ ಬಂದ ದಾರಿಯನ್ನು ಗಮನಿಸಬೇಕು. ಉಕ್ರೇನಿನ ವ್ಯಾಪಾರಿಗಳು ತೆರಿಗೆ ಲೆಕ್ಕಕ್ಕೆ ಬಳಸುತ್ತಿದ್ದ ಒಂದು ಲೆಕ್ಕಪತ್ರ ತಂತ್ರಾಂಶದ ಹೊಸ ಆವೃತ್ತಿಯೊಳಗೇ ಅದನ್ನು ಅಡಗಿಸಿ ಕಳಿಸಲಾಗಿತ್ತು. ನಂಬಿದ ಹಾಲಿನವನ ಚೊಂಬಿನಲ್ಲೇ ವಿಷ ಬಂದಂತಾಯಿತು. ಕೀವ್‌ನಲ್ಲಿ ಸಿಡಿದ ಕಿಡಿ ನಮ್ಮ ಕೊಲ್ಲಿಯ ಆಚೆ ದಡದ ಕ್ರೇನುಗಳನ್ನು ನಿಲ್ಲಿಸಬಹುದೆಂಬುದು ಅಂದು ಸಾಬೀತಾಯಿತು.

ಮೂರನೆಯದು ದಿಲ್ಲಿಯದು. 2022ರ ನವೆಂಬರ್ 23ರ ಬೆಳಿಗ್ಗೆ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಗಣಕವ್ಯವಸ್ಥೆ ಸ್ತಬ್ಧವಾಯಿತು. ಐದು ಸರ್ವರುಗಳಲ್ಲಿದ್ದ ಸುಮಾರು 1.3 ಟೆರಾಬೈಟ್ ಮಾಹಿತಿಯನ್ನು ದಾಳಿಕೋರರು ಯಾರೂ ಓದಲಾಗದಂತೆ ಗೂಢಲಿಪಿಗೆ ತಿರುಗಿಸಿಬಿಟ್ಟಿದ್ದರು. ಹೊರರೋಗಿಗಳ ನೋಂದಣಿ, ದಾಖಲಾತಿ, ರಕ್ತಪರೀಕ್ಷೆಯ ವರದಿ, ಬಿಲ್ಲು ಎಲ್ಲವೂ ಎರಡು ವಾರಗಳಷ್ಟು ಕಾಲ ಕಾಗದ ಮತ್ತು ಪೆನ್ನಿನಲ್ಲಿ ನಡೆದವು. ದೇಶದ ಮೂಲೆಮೂಲೆಯಿಂದ ಬಂದು ಆ ಆಸ್ಪತ್ರೆಯ ಮುಂದೆ ಇರುಳು ಕಳೆಯುವ ಬಡ ರೋಗಿಗಳಿಗೆ ಇದು ಎಂಥ ಶಿಕ್ಷೆಯಾಗಿತ್ತೆಂದು ವಿವರಿಸಬೇಕಿಲ್ಲ. ಜಾಲವನ್ನು ಸರಿಯಾಗಿ ವಿಭಜಿಸದೆ ಇಟ್ಟದ್ದೇ ದಾಳಿಗೆ ದಾರಿಯಾಯಿತೆಂದು ಕೇಂದ್ರ ಸರ್ಕಾರವೇ ಸಂಸತ್ತಿಗೆ ತಿಳಿಸಿತು. ಅದೃಷ್ಟವಶಾತ್ ದಾಳಿಗೆ ಸಿಕ್ಕದಿದ್ದ ಒಂದು ಬ್ಯಾಕಪ್ ಸರ್ವರಿನಿಂದ ರೋಗಿಗಳ ಮಾಹಿತಿಯನ್ನು ಮರಳಿ ಪಡೆಯಲಾಯಿತು.

ಈ ಮೂರೂ ದೊಡ್ಡವರ ಮಾತಾಯಿತು ಎನ್ನುವವರಿಗೆ ನಾಲ್ಕನೆಯದೊಂದನ್ನು ಹೇಳುತ್ತೇನೆ. 2024ರ ಜುಲೈ 31ರಂದು, ಸಣ್ಣ ಬ್ಯಾಂಕುಗಳಿಗೆ ಗಣಕಸೇವೆ ಒದಗಿಸುವ ಸಿ-ಎಡ್ಜ್ ಎಂಬ ಸಂಸ್ಥೆಯ ವ್ಯವಸ್ಥೆಯಲ್ಲಿ ಒತ್ತೆಹಣ ಕೇಳುವ ಕುತಂತ್ರಾಂಶ ಸೇರಿಕೊಂಡಾಗ, ರಾಷ್ಟ್ರೀಯ ಪಾವತಿ ನಿಗಮವು ಆ ಸಂಸ್ಥೆಯನ್ನು ತನ್ನ ಜಾಲದಿಂದ ತಾತ್ಕಾಲಿಕವಾಗಿ ಕಡಿದುಹಾಕಿತು. ಪರಿಣಾಮವಾಗಿ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರು ಹಣ ಕಳಿಸಲಾರದೆ, ಪಡೆಯಲಾರದೆ ಒದ್ದಾಡಬೇಕಾಯಿತು. ಅವು ಬಹುಮಟ್ಟಿಗೆ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳು. ಮರುದಿನವೇ ಸಂಪರ್ಕ ಮರಳಿತು, ನಿಜ. ಆದರೆ ಮುಂಬಯಿಗೆ ಬರಿಗೈಯಲ್ಲಿ ಬಂದು, ಹೋಟೆಲುಗಳಲ್ಲಿ ದುಡಿದು, ರೂಪಾಯಿ ರೂಪಾಯಿ ಕೂಡಿಸಿ ನಮ್ಮ ತುಳು-ಕನ್ನಡ ಬಂಧುಗಳು ಕಟ್ಟಿದ ಸಹಕಾರಿ ಬ್ಯಾಂಕುಗಳ, ಪತ್ತಿನ ಸಂಘಗಳ ಇತಿಹಾಸ ಬಲ್ಲವರಿಗೆ ಈ ಸುದ್ದಿ ಬರಿಯ ಸುದ್ದಿಯಾಗಿ ಉಳಿಯಲಾರದು. ಸಣ್ಣ ಸಂಸ್ಥೆಯ ಬೀಗವೂ ಸಣ್ಣದೇ ಇರುತ್ತದೆ. ಕಳ್ಳನಿಗೆ ಅದು ಗೊತ್ತು.

ಈ ನಾಲ್ಕೂ ಪ್ರಕರಣಗಳನ್ನು ಓದುವಾಗ ನನಗೆ ಚಿತ್ರದುರ್ಗ ನೆನಪಾಗುತ್ತದೆ. ಏಳು ಸುತ್ತಿನ ಕೋಟೆ, ಬತೇರಿಗಳು, ಬಾಗಿಲುಗಳು, ಕಾವಲು ಎಲ್ಲವೂ ಇದ್ದು, ಹೈದರಾಲಿಯ ಸೈನಿಕರು ನುಸುಳಲು ಹೊರಟದ್ದು ಬಂಡೆಗಳ ನಡುವಿನ ಒಂದು ಕಿಂಡಿಯಿಂದ. ಅದನ್ನು ತಡೆದದ್ದು ಕೋಟೆಯಲ್ಲ, ಸೇನಾಪತಿಯೂ ಅಲ್ಲ. ಗಂಡ ಊಟಕ್ಕೆ ಕುಳಿತಾಗ ನೀರು ತರಲೆಂದು ಹೊರಟ ಒಬ್ಬ ಸಾಮಾನ್ಯ ಹೆಣ್ಣುಮಗಳು, ಮನೆಯ ಒನಕೆಯೊಂದರಿಂದ. ಗಣಕಜಾಲದ ರಕ್ಷಣೆಯ ತಿರುಳು ಇಷ್ಟೇ. ಕೋಟೆ ಕಟ್ಟುವುದು ತಜ್ಞರ ಕೆಲಸ. ಆದರೆ ಕಿಂಡಿ ಎಲ್ಲಿದೆ ಎಂದು ತಿಳಿದು ಅದರ ಬಳಿ ಎಚ್ಚರವಾಗಿರುವುದು ಮನೆಯವರ ಕೆಲಸ. ಏನೂ ತಿಳಿಯದ ಮನೆಯವರನ್ನು ಕಿಂಡಿಯ ಬಳಿ ನಿಲ್ಲಿಸಿ, ಶತ್ರು ನುಗ್ಗಿದ ಮೇಲೆ ಅವರನ್ನೇ ದೂರುವುದು ಮಾತ್ರ ಇಂದು ನಮ್ಮಲ್ಲಿ ನಡೆದಿದೆ.

ಹಾಗಾದರೆ ಕಿಂಡಿಗಳು ಯಾವುವು?

ಮೊದಲನೆಯದು ದುರಸ್ತಿಯಾಗದ ತಂತ್ರಾಂಶ. ತಂತ್ರಾಂಶವನ್ನು ಬರೆಯುವವರು ಮನುಷ್ಯರೇ ಆದ್ದರಿಂದ ಅದರಲ್ಲಿ ಬಿರುಕುಗಳಿರುತ್ತವೆ. ಬಿರುಕು ಕಂಡಾಗ ತಯಾರಕರು ತೇಪೆ ಕಳಿಸುತ್ತಾರೆ. ನಮ್ಮ ಮೊಬೈಲಿನಲ್ಲಿ ಆಗಾಗ ಬಂದು ಪೀಡಿಸುವ 'ಅಪ್‌ಡೇಟ್' ಎಂಬ ಸೂಚನೆ ಬಹುಪಾಲು ಅದೇ. 2017ರ ಮೇ ತಿಂಗಳಲ್ಲಿ ಬ್ರಿಟನ್ನಿನ ಆಸ್ಪತ್ರೆಗಳನ್ನು ತತ್ತರಗೊಳಿಸಿದ 'ವಾನಾಕ್ರೈ' ಹೊಕ್ಕಿದ್ದು ಎಂಥ ಬಿರುಕಿನಿಂದ? ಮೈಕ್ರೋಸಾಫ್ಟ್ ಸಂಸ್ಥೆ ಅದಕ್ಕೆ ಎರಡು ತಿಂಗಳು ಮುಂಚೆಯೇ, ಮಾರ್ಚಿಯಲ್ಲೇ, ತೇಪೆ ಕಳಿಸಿತ್ತು. ಹಾಕಿಕೊಳ್ಳದವರು ಬಲಿಯಾದರು. ಲೆಕ್ಕಪತ್ರ ತಂತ್ರಾಂಶದ ಹೊಸ ಆವೃತ್ತಿಯೊಳಗೇ ವಿಷ ಬಂದ ಉಕ್ರೇನಿನ ಕತೆ ಹೇಳಿ, ಹೊಸ ಆವೃತ್ತಿಗಳನ್ನೇ ನಂಬಬಾರದೆಂದು ವಾದಿಸುವವರುಂಟು. ಒಂದು ಸಲ ಔಷಧಿ ಕಲಬೆರಕೆಯಾಯಿತೆಂದು ಔಷಧಿಯನ್ನೇ ಬಿಟ್ಟವನ ಗತಿಯೇ ಅವರದೂ ಆದೀತು.

ಎರಡನೆಯದು ಬದುವಿಲ್ಲದ ಗದ್ದೆ. ಗದ್ದೆಗೆ ಬದು ಇದ್ದರೆ ಒಂದು ಮಡಿಯಲ್ಲಿ ಹೊಕ್ಕ ಕೆಟ್ಟ ನೀರು ಇನ್ನೊಂದಕ್ಕೆ ಹರಿಯದು. ದಿಲ್ಲಿಯ ಆಸ್ಪತ್ರೆಯಲ್ಲಿ ಆದದ್ದು ಬದುವಿಲ್ಲದ್ದರ ಫಲ. ನಮ್ಮ ಹೋಟೆಲು ಉದ್ಯಮಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಗಿರಾಕಿಗಳಿಗೆಂದು ಕೊಟ್ಟಿರುವ ವೈಫೈ, ಗಲ್ಲೆಯ ಬಿಲ್ಲಿನ ಯಂತ್ರ, ಸಂಬಳದ ಲೆಕ್ಕವಿರುವ ಗಣಕ, ಗೋಡೆಯ ಮೇಲಿನ ಕ್ಯಾಮೆರಾ ನಾಲ್ಕೂ ಒಂದೇ ರೌಟರಿಗೆ ಜೋತುಬಿದ್ದಿರುವುದನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ. ಕಾಫಿ ಕುಡಿಯಲು ಬಂದ ಅಪರಿಚಿತನನ್ನು ನೇರ ಒಳಮನೆಯ ಕಪಾಟಿನ ಮುಂದೆ ಕೂರಿಸಿದಂತಾಯಿತು. ಗಿರಾಕಿಗಳ ವೈಫೈಯನ್ನು ಬೇರೆಯಾಗಿಡಲು ಈಗಿನ ಸಾಧಾರಣ ರೌಟರುಗಳಲ್ಲೂ ಏರ್ಪಾಡಿದೆ. ಹಾಕಿಕೊಟ್ಟವನನ್ನು ಕೇಳಿದರೆ ಅರ್ಧ ತಾಸಿನ ಕೆಲಸ.

ಮೂರನೆಯದು ಕಾರ್ಖಾನೆಯಿಂದ ಬಂದ ಬೀಗದ ಕೈ. ಕ್ಯಾಮೆರಾ, ರೌಟರುಗಳು ಕಾರ್ಖಾನೆಯಿಂದ ಬರುವಾಗ ಎಲ್ಲಕ್ಕೂ ಒಂದೇ ಪಾಸ್‌ವರ್ಡ್ ಇರುವುದುಂಟು. ಅದನ್ನು ಬದಲಿಸದೆ ಬಿಟ್ಟವರ ಸಂಖ್ಯೆ ಎಷ್ಟೆಂಬುದು 2016ರಲ್ಲಿ ಜಗತ್ತಿಗೆ ತಿಳಿಯಿತು. 'ಮಿರಾಯ್' ಎಂಬ ಕುತಂತ್ರಾಂಶ, ಇಂಥ 60ಕ್ಕೂ ಹೆಚ್ಚು ಕಾರ್ಖಾನೆ ಪಾಸ್‌ವರ್ಡುಗಳ ಪಟ್ಟಿಯನ್ನು ಹಿಡಿದು ಮನೆಮನೆಯ ಕ್ಯಾಮೆರಾಗಳ ಬಾಗಿಲು ತಟ್ಟಿ, ಲಕ್ಷಾಂತರ ಸಾಧನಗಳನ್ನು ತನ್ನ ಸೇನೆಗೆ ಸೇರಿಸಿಕೊಂಡಿತು. ಆ ವರ್ಷದ ಅಕ್ಟೋಬರ್ 21ರಂದು ಆ ಸೇನೆ ಅಂತರಜಾಲದ ವಿಳಾಸಗಳನ್ನು ಹುಡುಕಿಕೊಡುವ ಅಮೆರಿಕದ ಸಂಸ್ಥೆಯೊಂದರ ಮೇಲೆ ಏಕಕಾಲಕ್ಕೆ ಮುಗಿಬಿದ್ದಾಗ, ಟ್ವಿಟರ್, ನೆಟ್‌ಫ್ಲಿಕ್ಸ್‌ಗಳಂಥ ತಾಣಗಳೇ ತಾಸುಗಟ್ಟಲೆ ಸಿಗದಾದವು. ನಮ್ಮ ಅಂಗಡಿಯ ಕ್ಯಾಮೆರಾ ನಮ್ಮನ್ನು ಕಾಯುತ್ತಿದೆಯೆಂದು ನಾವು ತಿಳಿದಿದ್ದರೆ, ಅದು ಇನ್ನಾರದೋ ಯುದ್ಧದಲ್ಲಿ ಕಾಲಾಳಾಗಿರಲೂಬಹುದು.

ಈ ಮೂರು ಕಿಂಡಿಗಳನ್ನು ಮುಚ್ಚುವ ಕ್ರಮ ಕಷ್ಟದ್ದಲ್ಲ. ತೇಪೆಗಳನ್ನು ಬಂದಾಗಲೇ ಹಾಕುವುದು. ಸಾಧನ ತಂದ ದಿನವೇ ಪಾಸ್‌ವರ್ಡು ಬದಲಿಸುವುದು. ಬ್ಯಾಂಕಿಗೂ ಮಿಂಚಂಚೆಗೂ ಬೇರೆ ಬೇರೆ ಪಾಸ್‌ವರ್ಡು ಇಡುವುದು. ಪಾಸ್‌ವರ್ಡಿನ ಮೇಲೆ ಎರಡನೆಯ ಬೀಗವಾಗಿ ಇನ್ನೊಂದು ಗುರುತನ್ನು ಕೇಳುವ ಏರ್ಪಾಡು ಇದ್ದಲ್ಲೆಲ್ಲ ಅದನ್ನು ಬಳಸುವುದು. ಮುಖ್ಯ ಕಡತಗಳ ಒಂದು ಪ್ರತಿಯನ್ನು ಜಾಲಕ್ಕೆ ಜೋಡಿಸದ ಕಡೆ ಇಟ್ಟು, ಅದು ನಿಜವಾಗಿ ತೆರೆಯುತ್ತದೆಯೇ ಎಂದು ಆಗಾಗ ನೋಡುವುದು. ಒತ್ತೆಹಣ ಕೇಳುವವನ ಮುಂದೆ ತಲೆಯೆತ್ತಿ ನಿಲ್ಲಲು ಈ ಕೊನೆಯದಕ್ಕಿಂತ ದೊಡ್ಡ ಬಲವಿಲ್ಲ. ಮೇರ್ಸ್ಕ್ ಸಂಸ್ಥೆ ತನ್ನ ಜಾಲದ ಮೂಲ ದಾಖಲೆಯನ್ನು ಮರಳಿ ಪಡೆದದ್ದು ಘಾನಾ ದೇಶದ ಕಚೇರಿಯೊಂದರಿಂದ. ದಾಳಿಯ ಹೊತ್ತಿಗೆ ಅಲ್ಲಿ ವಿದ್ಯುತ್ತು ಹೋಗಿ ಆ ಗಣಕ ಜಾಲದಿಂದ ಕಳಚಿಕೊಂಡಿತ್ತು. ವಿದ್ಯುತ್ತು ಹೋಗುವ ಪುಣ್ಯವನ್ನು ನಂಬಿ ಕೂರುವುದಕ್ಕಿಂತ ಒಂದು ಪ್ರತಿಯನ್ನು ನಾವೇ ಕಳಚಿಡುವುದು ಮೇಲು.

ನಾಲ್ಕನೆಯ ಕಿಂಡಿ ನಂಬಿಕೆ. ಹೊರನಾಡ ಕನ್ನಡಿಗರಿಗೆ ವಿಶೇಷವಾಗಿ ಹೇಳಬೇಕಾದ ಮಾತು ಇರುವುದು ಇಲ್ಲಿಯೇ.

2016ರ ಫೆಬ್ರವರಿಯಲ್ಲಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನ ಜಾಲವನ್ನು ಹೊಕ್ಕ ಕಳ್ಳರು, ನ್ಯೂಯಾರ್ಕಿನಲ್ಲಿದ್ದ ಅದರ ಖಾತೆಯಿಂದ ಸುಮಾರು 95 ಕೋಟಿ ಡಾಲರುಗಳನ್ನು ಸಾಗಿಸಲು ಯತ್ನಿಸಿದರು. ವಾರದ ರಜೆಯ ದಿನಗಳನ್ನೇ ಆರಿಸಿಕೊಂಡಿದ್ದರು. ಪುಣೆಯ ದರೋಡೆ ನಡೆದದ್ದೂ ವಾರಾಂತ್ಯದಲ್ಲೇ ಎಂಬುದು ಕಾಕತಾಳೀಯವಲ್ಲ. 8.1 ಕೋಟಿ ಡಾಲರು ಫಿಲಿಪ್ಪೀನ್ಸಿಗೆ ಹೋಯಿತು. ಶ್ರೀಲಂಕಾಕ್ಕೆ ಹೊರಟ 2 ಕೋಟಿ ಡಾಲರು ಮಾತ್ರ ಉಳಿಯಿತು. 'ಫೌಂಡೇಶನ್' ಎಂಬ ಇಂಗ್ಲಿಷ್ ಶಬ್ದವನ್ನು ಕಳ್ಳರು ತಪ್ಪಾಗಿ ಬರೆದದ್ದರಿಂದ ನಡುವಿನ ಬ್ಯಾಂಕಿನವರಿಗೆ ಸಂದೇಹ ಬಂತು. ಒಂದು ಕಾಗುಣಿತದ ತಪ್ಪು 2 ಕೋಟಿ ಡಾಲರನ್ನು ಕಾಪಾಡಿತು. ನಮಗೂ ಇದುವರೆಗೆ ಅದೇ ರಕ್ಷೆಯಾಗಿತ್ತು. ಮೋಸದ ಪತ್ರಗಳು ಹರಕು ಇಂಗ್ಲಿಷಿನಲ್ಲಿ ಬರುತ್ತಿದ್ದವು, ಮೋಸದ ಕರೆಗಳು ಪರಭಾಷೆಯಲ್ಲಿ ಬರುತ್ತಿದ್ದವು; ನಾವು ನಕ್ಕು ಕೆಳಗಿಡುತ್ತಿದ್ದೆವು. ಆ ಕಾಲ ಮುಗಿಯಿತು. ಇಂದು ಯಂತ್ರವೇ ಕ್ಷಣಾರ್ಧದಲ್ಲಿ ತಪ್ಪಿಲ್ಲದ ಕನ್ನಡದಲ್ಲಿ ಪತ್ರ ಬರೆದುಕೊಡುತ್ತದೆ, ಕೆಲವು ನಿಮಿಷಗಳ ಧ್ವನಿಮುದ್ರಣ ಸಿಕ್ಕರೆ ಮಗನ ದನಿಯನ್ನೂ ಅನುಕರಿಸುತ್ತದೆ. ಕನ್ನಡಕ್ಕೆ ತಂತ್ರಜ್ಞಾನ ಬರಲಿ ಎಂದು ನಾವು ದಶಕಗಳಿಂದ ಹಾರೈಸಿದೆವು. ಬಂತು. ಆದರೆ ಅದು ಕಳ್ಳನಿಗೂ ಕನ್ನಡ ಕಲಿಸಿತು.

ಪರಊರಿನಲ್ಲಿ ತಾಯ್ನುಡಿಗೆ ಇರುವ ಶಕ್ತಿಯನ್ನು ಒಳನಾಡಿನವರು ಅರಿಯಲಾರರು. ಲೋಕಲ್ ರೈಲಿನ ಗದ್ದಲದಲ್ಲಿ ಯಾರೋ ಕನ್ನಡದಲ್ಲಿ ಮಾತಾಡಿದರೆ ಸಾಕು, ನಾವು ತಿರುಗಿ ನೋಡುತ್ತೇವೆ, ಯಾವ ಊರು ಎಂದು ಕೇಳುತ್ತೇವೆ, ಮುಂದಿನ ನಿಲ್ದಾಣದೊಳಗೆ ನೆಂಟರಾಗಿಬಿಡುತ್ತೇವೆ. ಹೊರನಾಡಿನ ಸಂಘಗಳೆಲ್ಲ ಹುಟ್ಟಿದ್ದು ಈ ಭಾವದಿಂದಲೇ. 'ನಮಸ್ಕಾರ ಸರ್, ನಾನೂ ನಿಮ್ಮ ಕಡೆಯವನೇ' ಎಂದು ಆರಂಭವಾಗುವ ದೂರವಾಣಿ ಕರೆಯು ಇಂದು ಇದೇ ಭಾವವನ್ನು ಗಾಳವಾಗಿ ಬಳಸುತ್ತಿದೆ. ಬ್ಯಾಂಕಿನವನೆಂದೋ, ಪೊಲೀಸಿನವನೆಂದೋ, ನಿಮ್ಮ ಹೆಸರಿನ ಪಾರ್ಸೆಲಿನಲ್ಲಿ ಮಾದಕವಸ್ತು ಸಿಕ್ಕಿದೆಯೆಂದೋ ಹೇಳಿ, ವಿಡಿಯೋ ಕರೆಯಲ್ಲಿ ಖಾಕಿ ತೊಟ್ಟು, 'ಡಿಜಿಟಲ್ ಬಂಧನ'ದಲ್ಲಿದ್ದೀರಿ ಎಂದು ಮುದುಕರನ್ನು ಮನೆಯೊಳಗೇ ಕೂಡಿಹಾಕುವ ದಂಧೆ ಎಷ್ಟು ಹಬ್ಬಿತೆಂದರೆ, 2024ರ ಅಕ್ಟೋಬರ್ 27ರ ಬಾನುಲಿ ಭಾಷಣದಲ್ಲಿ ಪ್ರಧಾನಮಂತ್ರಿಗಳೇ ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲವೆಂದು ಹೇಳಬೇಕಾಯಿತು. ಇದಕ್ಕೆ ಬಲಿಯಾಗುವವರು ದಡ್ಡರೆಂದು ತಿಳಿಯುವುದು ಅನ್ಯಾಯ. ಜೀವಮಾನವಿಡೀ ಕಾನೂನಿಗೆ ತಲೆಬಾಗಿ ಬದುಕಿದವನೇ ಕಾನೂನಿನ ಹೆಸರಿಗೆ ಬೇಗ ಹೆದರುತ್ತಾನೆ.

ಇಲ್ಲೊಂದು ರಾಜಕೀಯ ಪ್ರಶ್ನೆ ಇದೆ. ಖಾತೆದಾರನ ತಪ್ಪಿಲ್ಲದೆ ವ್ಯವಸ್ಥೆಯ ಲೋಪದಿಂದ ಹಣ ಹೋದರೆ, ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟವನಿಗೆ ನಷ್ಟ ತಟ್ಟಬಾರದೆಂದು ರಿಸರ್ವ್ ಬ್ಯಾಂಕು 2017ರಲ್ಲಿ ನಿಯಮ ಮಾಡಿತು. ಒಳ್ಳೆಯ ನಿಯಮ. ಆದರೆ ಖಾತೆದಾರನೇ ಓಟಿಪಿ ಹೇಳಿಬಿಟ್ಟರೆ ಅದು ಅವನ ಅಜಾಗರೂಕತೆ. ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದೇ ಎಂದಾಯಿತು. ಅಜಾಗರೂಕತೆ ಎನ್ನುವ ಮೊದಲು, ಜಾಗರೂಕನಾಗಿರೆಂದು ಅವನಿಗೆ ಯಾವ ಭಾಷೆಯಲ್ಲಿ ಹೇಳಲಾಗಿತ್ತು ಎಂದು ಕೇಳಬೇಡವೇ? ಎಚ್ಚರಿಕೆಯ ಸಂದೇಶ ಇಂಗ್ಲಿಷಿನಲ್ಲಿ, ಷರತ್ತುಗಳ ಹತ್ತು ಪುಟ ಇಂಗ್ಲಿಷಿನಲ್ಲಿ, ಬ್ಯಾಂಕಿನ ಯಂತ್ರದ ದನಿ ಹಿಂದಿಯಲ್ಲಿ; ಕನ್ನಡದಲ್ಲಿ ಆದರದಿಂದ ಮಾತಾಡಿಸುವವನು ಕಳ್ಳನೊಬ್ಬನೇ ಎಂಬ ಸ್ಥಿತಿ ಬಂದರೆ, ಮುದುಕಿಯೊಬ್ಬಳು ಯಾರನ್ನು ನಂಬಬೇಕು? ತಿಳಿಯುವ ನುಡಿಯಲ್ಲಿ ಎಚ್ಚರಿಸುವುದು ಉಪಕಾರವಲ್ಲ, ಭದ್ರತೆಯ ಒಂದು ಅಂಗ. ಖಾತೆ ತೆರೆಯುವಾಗ ಗ್ರಾಹಕನ ತಾಯ್ನುಡಿಯನ್ನು ಕೇಳಿ ಬರೆದುಕೊಂಡು, ಎಚ್ಚರಿಕೆಗಳನ್ನು ಆ ನುಡಿಯಲ್ಲೇ ಕಳಿಸುವುದು ಗಣಕಯುಗದಲ್ಲಿ ದೊಡ್ಡ ಕೆಲಸವೇನಲ್ಲ. ಈ ಬೇಡಿಕೆಯನ್ನು ಹೊರನಾಡಿನ ಸಂಘಗಳು ಒಂದಾಗಿ ಮುಂದಿಡಬೇಕು. ಇದು ಕನ್ನಡಿಗರಿಗಷ್ಟೇ ಅಲ್ಲ, ಬೆಂಗಳೂರಿನಲ್ಲಿರುವ ಮರಾಠಿಗನಿಗೂ, ಮುಂಬಯಿಯಲ್ಲಿರುವ ಬಂಗಾಳಿಗೂ ಸಲ್ಲಬೇಕಾದ ನ್ಯಾಯ.

ಸಂಸ್ಥೆಗಳ ಮೌನವೂ ಇದರಷ್ಟೇ ಅಪಾಯಕರ. ದಾಳಿ ತಿಳಿದ 6 ತಾಸುಗಳೊಳಗೆ ವರದಿ ಮಾಡಬೇಕೆಂದು ಗಣಕ ತುರ್ತು ಸ್ಪಂದನ ತಂಡವಾದ ಸರ್ಟ್-ಇನ್ 2022ರ ಏಪ್ರಿಲಿನಲ್ಲಿ ಆದೇಶಿಸಿತು. ಆದರೆ ಹೆಸರು ಕೆಡುವುದೆಂಬ ಭಯದಿಂದ ಮುಚ್ಚಿಡುವ ಪ್ರವೃತ್ತಿ ಸಂಸ್ಥೆಗಳಲ್ಲೂ ಇದೆ, ಮನೆಗಳಲ್ಲೂ ಇದೆ. ಹಣ ಕಳೆದುಕೊಂಡ ಹಿರಿಯರು ಮಕ್ಕಳಿಗೂ ಹೇಳದೆ ಒಳಗೊಳಗೇ ಕೊರಗುತ್ತಾರೆ. ಹೀಗೆ ಕಳೆಯುವ ಒಂದೊಂದು ತಾಸೂ ಕಳ್ಳನಿಗೆ ವರ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಜಿಗಿಯುವ ಮೊದಲು 1930 ಎಂಬ ಸಂಖ್ಯೆಗೆ ಕರೆ ಮಾಡಿ ತಿಳಿಸಿದರೆ, ಅದನ್ನು ನಡುವೆ ತಡೆಹಿಡಿಯುವ ಸಾಧ್ಯತೆ ಇರುತ್ತದೆ. ಈ ಸಂಖ್ಯೆ ದೇಶದ ಎಲ್ಲೆಡೆಗೂ ಒಂದೇ. ಮೋಸಹೋದದ್ದು ನಾಚಿಕೆಯ ಮಾತಲ್ಲವೆಂದು ಮನೆಯ ಹಿರಿಯರಿಗೆ ಮೊದಲೇ ಹೇಳಿಡುವುದು ಮಕ್ಕಳ ಕರ್ತವ್ಯ.

ಇನ್ನು ನಮ್ಮ ಸಂಘಗಳ ಕಡೆ ತಿರುಗಿ ನೋಡೋಣ. ಹೊರನಾಡಿನ ಬಹುತೇಕ ಸಂಘಗಳಲ್ಲಿ ಸದಸ್ಯರ ಪಟ್ಟಿ ಇದೆ. ಹೆಸರು, ಮನೆ ವಿಳಾಸ, ಮೊಬೈಲ್ ಸಂಖ್ಯೆ, ಹುಟ್ಟೂರು, ಉದ್ಯೋಗ, ಕೆಲವೊಮ್ಮೆ ಹುಟ್ಟಿದ ದಿನ ಮತ್ತು ರಕ್ತದ ಗುಂಪು. ಮುದ್ರಿತ ಪುಸ್ತಿಕೆಯಾಗಿದ್ದಾಗ ಅದು ಸದಸ್ಯರ ಮನೆಯ ಮೂಲೆಯಲ್ಲಿರುತ್ತಿತ್ತು. ಈಗ ಅದು ಕಡತವಾಗಿ ವಾಟ್ಸಾಪ್ ಗುಂಪುಗಳಲ್ಲಿ ಕೈಯಿಂದ ಕೈಗೆ ದಾಟುತ್ತಿದೆ. 'ನಾನೂ ನಿಮ್ಮ ಕಡೆಯವನೇ' ಎಂದು ಕರೆ ಮಾಡುವವನಿಗೆ ಇದಕ್ಕಿಂತ ಒಳ್ಳೆಯ ಕೈಪಿಡಿ ಬೇಕೇ? ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು 2023ರಲ್ಲಿ ಸಂಸತ್ತು ಕಾನೂನು ಮಾಡಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಕಾನೂನಿನ ಭಯಕ್ಕಾಗಿ ಅಲ್ಲದಿದ್ದರೂ ಬಂಧುತ್ವದ ಹೆಸರಿನಲ್ಲಾದರೂ ನಾವು ಕೆಲವು ನಿಯಮಗಳನ್ನು ಹಾಕಿಕೊಳ್ಳಬೇಕು. ಅಗತ್ಯವಿಲ್ಲದ ವಿವರ ಕೇಳಬಾರದು. ಪಟ್ಟಿ ಇಬ್ಬರು ಮೂವರು ಪದಾಧಿಕಾರಿಗಳ ಬಳಿ ಮಾತ್ರ ಇರಬೇಕು. ಪದಾವಧಿ ಮುಗಿದಾಗ ಸಂಘದ ಮಿಂಚಂಚೆಯ, ಬ್ಯಾಂಕು ಖಾತೆಯ ಪಾಸ್‌ವರ್ಡುಗಳು ಬದಲಾಗಬೇಕು. ಇದು ಹಿಂದಿನವರ ಮೇಲಿನ ಅಪನಂಬಿಕೆಯಲ್ಲ. ಬಾಡಿಗೆದಾರ ಬದಲಾದಾಗ ಬೀಗ ಬದಲಿಸುವಷ್ಟೇ ಸಹಜ.

ಜಾಲವನ್ನೇ ತೊರೆದು ಹಳೆಯ ಕಾಲಕ್ಕೆ ಮರಳೋಣವೆನ್ನುವ ಹಿರಿಯರೂ ನಮ್ಮಲ್ಲಿದ್ದಾರೆ. ಅವರ ನೋವು ನನಗೆ ಅರ್ಥವಾಗುತ್ತದೆ. ಆದರೆ ಹೆದರಿ ಬಾಗಿಲು ಹಾಕಿಕೊಂಡು ಕುಳಿತವರ ಸಮಾಜ ನಮ್ಮದಾಗಿರಲಿಲ್ಲ. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳನ್ನು ನೆನೆಯಿರಿ. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರು ಇರುಳು ಆ ಶಾಲೆಗಳಲ್ಲಿ ಅಕ್ಷರ ಕಲಿತರು, ಲೆಕ್ಕ ಕಲಿತರು, ಮುಂದೆ ತಾವೇ ಹೋಟೆಲುಗಳ ಯಜಮಾನರಾದರು, ವಕೀಲರಾದರು, ಲೇಖಕರೂ ಆದರು. ತಿಳಿವಳಿಕೆಯಿಲ್ಲದವನನ್ನು ಈ ನಗರ ಸುಲಿಯುತ್ತದೆಂದು ಅರಿತ ಹಿರಿಯರು ಅವನಿಗೆ ಉಪದೇಶ ಮಾಡುತ್ತ ಕೂರಲಿಲ್ಲ. ದೀಪ ಹಚ್ಚಿ ಶಾಲೆ ನಡೆಸಿದರು. ಸಾಲಪತ್ರಕ್ಕೆ ಹೆಬ್ಬೆಟ್ಟು ಒತ್ತುವವನು ಅಂದು ಎಷ್ಟು ಅಸಹಾಯಕನಾಗಿದ್ದನೋ, ಓದಲಾರದ ಸಂದೇಶಕ್ಕೆ ಬೆರಳು ಒತ್ತುವವನು ಇಂದು ಅಷ್ಟೇ ಅಸಹಾಯಕ.

ಆದ್ದರಿಂದ ನನ್ನ ಸೂಚನೆ ಸರಳವಾದುದು. ಪ್ರತಿಯೊಂದು ಹೊರನಾಡ ಸಂಘವೂ ತಿಂಗಳಿಗೊಂದು ಸಂಜೆಯನ್ನು ಇದಕ್ಕೆ ಮೀಸಲಿಡಲಿ. ನಮ್ಮವರೇ ಆದ ತಂತ್ರಜ್ಞ ಯುವಕ ಯುವತಿಯರು ಪ್ರತಿ ನಗರದಲ್ಲೂ ಇದ್ದಾರೆ. ಕನ್ನಡ ಕಾರ್ಯಕ್ರಮಗಳಿಗೆ ಅವರು ಬರುವುದಿಲ್ಲವೆಂದು ನಾವು ಕೊರಗುತ್ತಲೇ ಇರುತ್ತೇವೆ. ಅವರನ್ನು ಗುರುಗಳಾಗಿ ಕರೆಯೋಣ. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲವೆಂಬುದನ್ನು, ಬ್ಯಾಂಕಿನ ಹೆಸರಿನಲ್ಲಿ ಕರೆ ಬಂದರೆ ಅದನ್ನು ಕಡಿದು ಪಾಸ್‌ಪುಸ್ತಕದಲ್ಲಿರುವ ಸಂಖ್ಯೆಗೆ ನಾವೇ ಕರೆ ಮಾಡಬೇಕೆಂಬುದನ್ನು, ರೌಟರಿನ ಪಾಸ್‌ವರ್ಡು ಬದಲಿಸುವುದನ್ನು, ತುರ್ತು ಹಣ ಕೇಳುವ ಮಗನ ದನಿಯನ್ನೂ ಮನೆಯವರಿಗಷ್ಟೇ ಗೊತ್ತಿರುವ ಒಂದು ಮಾತಿನಿಂದ ಪರೀಕ್ಷಿಸುವುದನ್ನು ಅವರು ಹಿರಿಯರಿಗೆ ಕನ್ನಡದಲ್ಲೇ, ಕೈಹಿಡಿದು ಕಲಿಸಲಿ. ಪ್ರತಿಯಾಗಿ ಹಿರಿಯರು ಅವರಿಗೆ ಕೊಡುವ ಕನ್ನಡ ಯಾವ ತರಗತಿಯಲ್ಲೂ ಸಿಗಲಾರದು.

ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದರು ಎಂಬ ಗಾದೆ ನಮ್ಮಲ್ಲಿದೆ. ಪುಣೆಯಲ್ಲಿ, ನ್ಹಾವಾ ಶೇವಾದಲ್ಲಿ, ದಿಲ್ಲಿಯಲ್ಲಿ ಬಾಗಿಲು ಹಾಕಿದ್ದು ಸೂರೆಯಾದ ಮೇಲೆಯೇ. ಆ ದೊಡ್ಡ ಸಂಸ್ಥೆಗಳಿಗೆ ನಷ್ಟ ತಡೆದುಕೊಳ್ಳುವ ಶಕ್ತಿ ಇತ್ತು. ನಲವತ್ತು ವರ್ಷ ಗಲ್ಲೆಯಲ್ಲಿ ಕುಳಿತು ಕೂಡಿಟ್ಟ ಹಣವನ್ನು ಒಂದು ಮಧ್ಯಾಹ್ನದಲ್ಲಿ ಕಳೆದುಕೊಂಡ ನಮ್ಮ ಬಂಧುವಿಗೆ ಎರಡನೆಯ ಅವಕಾಶವಿಲ್ಲ. ಮುಂದಿನ ಸಂಚಿಕೆ ನಿಮ್ಮ ಕೈಸೇರುವಷ್ಟರಲ್ಲಿ ಕೆಲವು ಸಂಘಗಳಾದರೂ ಇಂಥ ತರಗತಿಗಳನ್ನು ಆರಂಭಿಸಿದ ಸುದ್ದಿ ನಮಗೆ ತಲಪಲಿ. ಅದನ್ನು ಪ್ರಕಟಿಸುವುದಕ್ಕಿಂತ ಹೆಚ್ಚಿನ ಸಂತೋಷ ಈ ಪತ್ರಿಕೆಗೆ ಬೇರೆ ಇರಲಾರದು.